ಓದಿ ಹೇಳಿದವನ ಹೆಬ್ಬೆಟ್ಟು

ಹೊಸಪೇಟೆ ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಇಪ್ಪತ್ತೆರಡು ವರ್ಷ ಅರ್ಜಿ ಬರೆದವನು ನಾನು. ಹೆಸರು ಅಂದಾನಪ್ಪ. ನಾನು ಯಾರನ್ನೂ ನಂಬುವುದಿಲ್ಲ. ಅಳುತ್ತ ಬಂದವರನ್ನಂತೂ ಮೊದಲೇ ನಂಬುವುದಿಲ್ಲ. ಅರ್ಜಿ ಎಂದರೆ ಬರೆಸುವವನಿಗೆ ಏನೋ ಬೇಕು ಎಂದೇ ಅರ್ಥ. ಮೊದಲ ಎರಡು ಸಾಲು ಬರೀ ಅಲಂಕಾರ, ಅವನಿಗೆ ಬೇಕಾದದ್ದು ಮೂರನೆಯ ಸಾಲಿನಲ್ಲಿ ಇರುತ್ತದೆ. ನಾನು ಯಾವಾಗಲೂ ಆ ಮೂರನೆಯ ಸಾಲಿಗೇ ಕಾಯುತ್ತ ಕುಳಿತಿರುತ್ತೇನೆ.

ಆದರೆ ಸಾವಿರದ ಒಂಬೈನೂರ ಎಂಟನೆಯ ಇಸವಿಯ ಶಿವರಾತ್ರಿ ಮುಗಿದ ವಾರ, ಸ್ಕೂಲಿನ ಹಾಲಸ್ವಾಮಿ ಮೇಷ್ಟ್ರು ಬಂದು ಅರ್ಜಿ ಬರೆಯಲು ಹೇಳಿದಾಗ ನನಗೆ ಮೂರನೆಯ ಸಾಲು ಸಿಗಲೇ ಇಲ್ಲ.

"ಮೇಷ್ಟ್ರ, ಇದರಾಗ ನಿಮಗೇನು ಬೇಕು ಅಂತ ಬರೀಲಿ?" ಎಂದೆ.

"ನನಗೇನೂ ಬ್ಯಾಡ ಅಂದಾನಪ್ಪ. ಆಫ್ರಿಕಾದಾಗ ಕಾಂಗೋ ಅಂತ ಒಂದು ದೇಶ ಐತಿ. ಅಲ್ಲಿ ಊರಿಗೂರೇ ಮಂದೀನ ಕೊಲ್ಲಾಕತ್ಯಾರ. ಅದು ನಿಲ್ಲಬೇಕು. ಅಷ್ಟ ಬೇಕು."

ಬಳ್ಳಾರಿಯ ಪಾದ್ರಿಯೊಬ್ಬರು ಕೊಟ್ಟ ಇಂಗ್ಲಿಷ್ ಪುಸ್ತಿಕೆಯೊಂದು ಅವರ ಕೈಯಲ್ಲಿತ್ತು. ಬೆಲ್ಜಿಯಂ ದೇಶದ ರಾಜ ಇಡೀ ಕಾಂಗೋವನ್ನು ತನ್ನ ಸ್ವಂತ ಜಹಗೀರು ಮಾಡಿಕೊಂಡಿದ್ದಾನೆ. ಅಲ್ಲಿನ ಜನ ಕಾಡಿನಿಂದ ರಬ್ಬರು ತಂದು ಒಪ್ಪಿಸಬೇಕು. ಕಡಿಮೆಯಾದರೆ ಸಿಪಾಯಿಗಳು ಗುಂಡು ಹಾಕುತ್ತಾರೆ, ಕೈ ಕಡಿಯುತ್ತಾರೆ. ಇಂಗ್ಲೆಂಡಿನಲ್ಲಿ ಅಂಗಡಿಯವರು, ಮಾಸ್ತರರು, ಹೆಂಗಸರು ಊರೂರಿನಲ್ಲಿ ಸಭೆ ಸೇರಿ, ಇದನ್ನು ನಿಲ್ಲಿಸಿ ಎಂದು ಅರ್ಜಿ ಕಳಿಸುತ್ತಿದ್ದಾರೆ. ನಮ್ಮ ತಾಲ್ಲೂಕಿನಿಂದಲೂ ಒಂದು ಹೋಗಲಿ, ನಮ್ಮ ಚಕ್ರವರ್ತಿಗಳು ಆ ರಾಜನಿಗೆ ಗಟ್ಟಿಯಾಗಿ ಹೇಳಲಿ ಎಂಬುದು ಮೇಷ್ಟ್ರ ಆಸೆ.

"ರಬ್ಬರು ಅಂದ್ರ ಏನು?" ಎಂದೆ.

"ತಹಶೀಲ್ದಾರರ ಸೈಕಲ್ ಗಾಲಿಗೆ ಸುತ್ತೈತಲ್ಲ, ಅದು."

ಆ ಸೈಕಲ್ಲು ದಿನಾ ಬೆಳಗ್ಗೆ ನನ್ನೆದುರಿನ ಗೋಡೆಗೆ ಒರಗಿರುತ್ತಿತ್ತು. ಮೇಷ್ಟ್ರು ಪುಸ್ತಿಕೆ ತೆರೆದು ಫೋಟೋ ತೋರಿಸಿದರು. ಒಬ್ಬ ಗಂಡಸು ಬಿಳಿ ಬಟ್ಟೆಯ ಮುಂದೆ ನಿಂತಿದ್ದ. ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇತ್ತು. ಅವನು ನೇರವಾಗಿ ನನ್ನನ್ನೇ ನೋಡುತ್ತಿದ್ದ. ನಾನೇ ಮೊದಲು ಕಣ್ಣು ತಪ್ಪಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮೇಷ್ಟ್ರನ್ನು ನಂಬಲಿಲ್ಲ. ಕಿರಿಸ್ತಾನರ ಕಡೆ ಸೇರುತ್ತಿರಬಹುದು. ಸ್ಕೂಲು ಇನ್‌ಸ್ಪೆಕ್ಟರ್ ದೊರೆಯ ಕಣ್ಣಿಗೆ ಬಿದ್ದು ಹೆಡ್‌ಮಾಸ್ತರ್ ಆಗುವ ಹಂಚಿಕೆ ಇರಬಹುದು. ಬರೆದುಕೊಟ್ಟೆ, ಯಾಕೆಂದರೆ ಅದರ ಒಳಮರ್ಮ ಹಿಡಿಯಬೇಕಿತ್ತು.

ಹೊಸಪೇಟೆಯಲ್ಲಿ ಎಂಟು ದಿನ ತಿರುಗಿದರೂ ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ. ಜಾತಿ ಕೆಡಿಸುವ ಕಾಗದ ಎಂದರು ಕೆಲವರು. ಹೊಸ ಕಂದಾಯದ ಕಾಗದ ಎಂದರು ಇನ್ನು ಕೆಲವರು. ಮಿಕ್ಕವರೆಲ್ಲ ಒಂದೇ ಮಾತು ಹೇಳಿದರು: ಇದು ಕೂಲಿ ಕಾಗದ, ಒತ್ತಿದರೆ ಹಡಗು ಹತ್ತಿಸಿಬಿಡುತ್ತಾರೆ. ಒಂದು ದಿನ ಪೊಲೀಸ್ ದಫೇದಾರನೂ ಬೇವಿನ ಮರದ ಕೆಳಗೆ ಬಂದು ನಿಂತ.

"ಏನಲೇ ಅಂದಾನಪ್ಪ, ಮೇಷ್ಟ್ರು ರಾಜನ ಮ್ಯಾಲೆ ಅರ್ಜಿ ಬರಸ್ಯಾರಂತ?"

"ನಮ್ಮ ರಾಜ ಅಲ್ರಿ. ಬ್ಯಾರೆ ರಾಜ."

"ಇವತ್ತು ಬ್ಯಾರೆ ರಾಜ, ನಾಳೆ ನಮ್ಮ ರಾಜ. ಬರೂ ಸಂತೀಗೆ ಅವ್ರು ಕಂಪ್ಲಿಗೆ ಹೊಂಟಾರ. ನೀನೂ ಹೋಗು. ಯಾರು ಒತ್ತತಾರ, ಯಾರು ಏನಂತಾರ, ಬಂದು ನನಗ ಹೇಳು. ಇಲ್ಲಂದ್ರ ಈ ಮರದ ನೆರಳು ಮರೆತುಬಿಡು."

ಕಂಪ್ಲಿ ನನಗೆ ಬೇಡವಾದ ಊರು. ಎಂಟು ವರ್ಷದಿಂದ ನಾನು ಆ ಊರಿಗೆ ಕಾಲಿಟ್ಟಿರಲಿಲ್ಲ. ಯಾಕೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಆವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಎಂಟು ವರ್ಷದ ಹಿಂದೆ ಒಬ್ಬ ಕೂಲಿ ಮೇಸ್ತ್ರಿ ಬಂದು ನನ್ನ ಪಕ್ಕದಲ್ಲೇ ಠಿಕಾಣಿ ಹೂಡಿದ್ದ. ಕಬ್ಬಿನ ತೋಟಕ್ಕೆ ಆಳು ಹಿಡಿಯುವವನು. ಕರಾರು ಇಂಗ್ಲಿಷಿನಲ್ಲಿರುತ್ತಿತ್ತು. ನನಗೆ ಕಚೇರಿಯ ಇಂಗ್ಲಿಷು ಬರುತ್ತಿದ್ದರಿಂದ ಅದನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದು. ಕಂಪ್ಲಿಯ ಹರಿಗೋಲಿನ ಹುಲುಗಪ್ಪ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಕರಾರಿನಲ್ಲಿ ನೇಟಾಲ್ ಎಂದಿತ್ತು. ಅದೂ ಆಫ್ರಿಕಾದಲ್ಲೇ, ಸಮುದ್ರ ದಾಟಿ ತಿಂಗಳ ದಾರಿಯ ನಾಡು. ಸಮುದ್ರ ಎಂದರೆ ಹೆದರುತ್ತಾರೆ, ನೆಲ್ಲೂರು ಅಂತ ಓದು, ಎಂದ ಮೇಸ್ತ್ರಿ. ನಾನು ನೆಲ್ಲೂರು ಅಂತ ಓದಿದೆ. ಒಂದು ಅಕ್ಷರ ಅತ್ತಿತ್ತ ಆದರೆ ಏನಂತೆ, ದುಡಿಮೆ ದುಡಿಮೆಯೇ ಅಲ್ಲವೇ ಎಂದುಕೊಂಡೆ. ಹುಲುಗಪ್ಪ ನಗುತ್ತ ಹೆಬ್ಬೆಟ್ಟು ಒತ್ತಿದ. ಹೆಂಡತಿಯನ್ನು ಊರಿನಲ್ಲೇ ಬಿಟ್ಟು ಹೋದವನು ಮತ್ತೆ ಬರಲಿಲ್ಲ.

ಆ ಹೆಂಗಸು ನನ್ನ ಗುರುತು ಹಿಡಿದರೆ ನನ್ನ ಕಸುಬು ಅಲ್ಲಿಗೆ ಮುಗಿಯಿತು. ಓದಿ ಹೇಳುವವನ ಬಾಯಿ ಸುಳ್ಳು ಎಂದು ಒಮ್ಮೆ ಗೊತ್ತಾದರೆ ಯಾರು ತಾನೇ ಅವನ ಹತ್ತಿರ ಕೂರುತ್ತಾರೆ? ಆದರೆ ದಫೇದಾರನಿಗೆ ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಮುಂಡಾಸನ್ನು ಹುಬ್ಬಿನವರೆಗೆ ಎಳೆದುಕೊಂಡು ಗಾಡಿ ಹತ್ತಿದೆ.

ಕಂಪ್ಲಿಯ ಹೊಳೆದಂಡೆಯಲ್ಲಿ ಬೆಳಗಿನ ಹೊತ್ತು ಆಚೆ ದಡದ ನಿಜಾಮನ ಸೀಮೆಯಿಂದ ಸಂತೆಗೆ ಜನ ಇಳಿಯುತ್ತಿದ್ದರು. ಮಗುಚಿ ಹಾಕಿದ ಹರಿಗೋಲುಗಳ ನಡುವೆ ಮೇಷ್ಟ್ರು ನಿಂತು ಫೋಟೋ ತೋರಿಸಿದರು. ಐವತ್ತು ಜನ ಸೇರಿದರು. ನಾನು ಎಲ್ಲರ ಮುಖ ಹುಡುಕಿದೆ. ಅವಳು ಅಲ್ಲೇ ಇದ್ದಳು. ಹರಿಗೋಲಿನ ಚರ್ಮಕ್ಕೆ ಹೊಲಿಗೆ ಹಾಕುತ್ತ ಕುಳಿತಿದ್ದಳು, ಹುಲುಗಪ್ಪನ ಹೆಂಡತಿ ಹೊಳೆಮ್ಮ. ಹಣೆಯಲ್ಲಿ ಕುಂಕುಮ ಇತ್ತು, ಕೈತುಂಬ ಬಳೆ ಇದ್ದವು. ಅದನ್ನು ನೋಡಿ ನನಗೆ ಇನ್ನಷ್ಟು ಕಷ್ಟವಾಯಿತು.

ನಾನು ದನಿ ತಗ್ಗಿಸಿ ಅರ್ಜಿ ಓದತೊಡಗಿದೆ. ಅರ್ಧ ಓದುವಷ್ಟರಲ್ಲಿ ಹೊಳೆಮ್ಮ ಸೂಜಿ ಬಿಟ್ಟು ಎದ್ದು ಬಂದಳು. ಫೋಟೋ ಇಸಿದುಕೊಂಡು ಬಹಳ ಹೊತ್ತು ನೋಡಿದಳು.

"ಇವ ಯಾವ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ದ?" ಎಂದು ಮೇಷ್ಟ್ರನ್ನು ಕೇಳಿದಳು.

ಒಂದಿಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ.

"ಇವ ಒತ್ತಿಲ್ಲವ್ವಾ. ಆದ್ರ ಇವರ ಊರ ಗೌಡ್ರು ಒತ್ಯಾರ. ಆ ರಾಜನ ಮಂದಿ ಬಟ್ಟೆಬರೆ ಕೊಟ್ಟು ಕಾಗದಕ್ಕ ಗೀಟು ಹಾಕಿಸಿಕೊಂಡ್ರಂತ. ಅದರಾಗ ಭೂಮಿ ಎಲ್ಲ ಬರಕೊಟ್ಟಂಗ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ."

"ಗೀಟು ಹಾಕೂ ಮುಂದ ಅವರಿಗೆ ಯಾರೂ ಓದಿ ಹೇಳಲಿಲ್ಲೇನ್ರಿ?"

"ಹೇಳಿರಬೇಕು."

"ಏನಂತ ಓದಿದ್ರು?"

ಮೇಷ್ಟ್ರು ಪುಸ್ತಿಕೆಯ ಹಾಳೆ ತಿರುವಿದರು. "ಅದು ಇದರಾಗಿಲ್ಲವ್ವಾ," ಎಂದರು.

ಏನಂತ ಓದಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆ ದಂಡೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

"ಯಜಮಾನ್ರ, ನೀವು ಯಾಕ ನಿಲ್ಲಿಸಿದ್ರಿ? ಓದ್ರಿ," ಎಂದಳು ನನ್ನ ಕಡೆ ತಿರುಗಿ.

ನಾನು ಓದಿದೆ. ಎಲ್ಲ ಅರ್ಜಿಗೂ, ಓದಿ ಹೇಳುವ ಕರಾರಿಗೂ ಕೊನೆಗೆ ನಾನು ಒಂದೇ ಮಾತು ಹಾಕುತ್ತೇನೆ, ಕೈ ಅಭ್ಯಾಸ. 'ಇದನ್ನು ಓದಿಸಿ ಕೇಳಿ, ಮನಸಾ ಒಪ್ಪಿ...' ಎನ್ನುವಷ್ಟರಲ್ಲಿ ಹೊಳೆಮ್ಮ ನನ್ನ ಜೊತೆಗೇ ಮೆಲ್ಲಗೆ ಹೇಳಿದಳು: "ಒತ್ತಿದ ಹೆಬ್ಬೆಟ್ಟು ಸಹಿ."

ನಾನು ಮುಂಡಾಸನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.

"ನೀವ ಅಲ್ಲೇನ್ರಿ, ಬೇವಿನ ಮರದ ಕೆಳಗ ಹುಲುಗಪ್ಪಗ ಓದಿ ಹೇಳಿದವ್ರು? ನೆಲ್ಲೂರು ಅಂದ್ರಿ. ನಾನು ನೆಲ್ಲೂರಿಗೆ ಹೋಗಿದ್ದೆ. ಐದು ತಿಂಗಳು ಇದ್ದೆ. ಒಂದು ಕಬ್ಬಿನ ಗದ್ದಿ ಬಿಡಲಿಲ್ಲ, ಎಲ್ಲಾ ತಿರುಗಿ ಕೇಳೀನಿ. ಅಂಥಾವ ಯಾವನೂ ಬಂದಿಲ್ಲ ಅಂದ್ರು."

ನಾನಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಫೋಟೋ ಅವಳ ಕೈಯಲ್ಲಿ ನನ್ನ ಕಡೆಗೇ ತಿರುಗಿತ್ತು.

"ನೆಲ್ಲೂರಲ್ಲವ್ವಾ," ಎಂದೆ. "ನೇಟಾಲು. ಹಡಗಿನ್ಯಾಗ ಹೋಗಬೇಕು, ಭಾಳ ದೂರ. ಕಾಗದದಾಗ ಹಂಗ ಇತ್ತು. ನಾನು ಸುಳ್ಳು ಓದಿದೆ."

ಹೊಳೆಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರಳಿನ ಮೇಲೆ ಕುಳಿತು, "ಅಂಥಾ ಊರು ಐತಿ?" ಎಂದಳು. ಐತಿ ಎಂದೆ. "ಬದುಕ್ಯಾನ?" ಎಂದಳು. ಗೊತ್ತಿಲ್ಲ ಎಂದೆ. ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಾಗದ ಹರಿದು ಹೊಳೆಗೆ ಹಾಕ್ರಿ ಎಂದು ಒಬ್ಬ ಕೂಗಿದ. ಮೇಷ್ಟ್ರು ನನ್ನನ್ನು ನೋಡಿದರು. ಇಷ್ಟೂ ದಿನ ನಾನು ಅವರನ್ನು ಹೇಗೆ ನೋಡಿದ್ದೆನೋ ಹಾಗೆಯೇ ನೋಡಿದರು.

ಸ್ವಲ್ಪ ಹೊತ್ತಿಗೆ ಹೊಳೆಮ್ಮ ಎದ್ದಳು. "ಇನ್ನೊಮ್ಮೆ ಓದ್ರಿ. ಈ ಸಲ ಇದ್ದಂಗ ಓದ್ರಿ."

ಓದಿದೆ. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ.

"ಇದರಾಗ ಎಲ್ಲಿಗೂ ಹೋಗು ಅಂತ ಇಲ್ಲಲ್ಲ?"

"ಇಲ್ಲ. ಕೊಲ್ಲೋದು ನಿಲ್ಲಸ್ರಿ ಅಂತ ಮಾತ್ರ ಐತಿ."

"ಹಂಗಾದ್ರ ಮೊದಲು ನೀವು ಒತ್ರಿ."

"ನನಗ ರುಜು ಹಾಕಾಕ ಬರತೈತಿ."

"ರುಜು ನನಗ ಓದಾಕ ಬರಂಗಿಲ್ಲ. ಹೆಬ್ಬೆಟ್ಟು ತಿಳಿತೈತಿ."

ಸಾವಿರಾರು ಜನರ ಬೆರಳಿಗೆ ಮಸಿ ಹಚ್ಚಿದವನು ನಾನು. ಅಂದು ನನ್ನ ಎಡ ಹೆಬ್ಬೆರಳಿಗೆ ನಾನೇ ಹಚ್ಚಿಕೊಂಡು ಒತ್ತಿದೆ. ಅವಳು ಬಗ್ಗಿ ಅದನ್ನು ನೋಡಿದಳು, ನನ್ನ ಬೆರಳನ್ನೂ ಹಿಡಿದು ನೋಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಂದು ಇವತ್ತಲ್ಲ. ಆ ಊರಿಗೆ ಹುಲುಗಪ್ಪನ ಸಲುವಾಗಿ ಒಂದು ಅರ್ಜಿ ಬರೀರಿ. ಜವಾಬು ಬರಲಿ. ನೀವ ಬಂದು ಓದ್ರಿ. ಆಮ್ಯಾಲೆ ನೋಡತೀನಿ."

ಅವಳು ಒತ್ತದೆ ಕಂಪ್ಲಿಯಲ್ಲಿ ಯಾರೂ ಒತ್ತಲಿಲ್ಲ. ಹೊಸಪೇಟೆಗೆ ಬಂದ ಮೇಲೆ ದಫೇದಾರ ಕೇಳಿದ, ಯಾರ್ಯಾರು ಒತ್ತಿದರು ಎಂದು. ಒಬ್ಬ ಎಂದೆ. ಯಾರು ಎಂದ. ಬೆರಳು ತೋರಿಸಿದೆ. ಅದರ ಫಲವಾಗಿ ಬೇವಿನ ಮರ ತಪ್ಪಿತು. ಅರ್ಜಿ ಬರೆಸುವವರು ಕಂಪ್ಲಿಯ ಸುದ್ದಿ ಕೇಳಿ ತಾವಾಗಿಯೇ ತಪ್ಪಿದರು. ಮೇಷ್ಟ್ರ ಸ್ಕೂಲಿನ ಜಗುಲಿಯಲ್ಲಿ ಕುಳಿತು ನೇಟಾಲಿನ ಕೂಲಿ ಕಚೇರಿಗೆ ಬರೆದೆ. ಮೇಷ್ಟ್ರು ನನ್ನ ಬೆನ್ನ ಹಿಂದೆ ನಿಂತು ಸಾಲುಸಾಲೂ ಓದಿ ನೋಡಿದರು. ನನಗೆ ಬೇಸರವಾಗಲಿಲ್ಲ.

ಹದಿಮೂರು ತಿಂಗಳ ಮೇಲೆ ಜವಾಬು ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಅಷ್ಟರಲ್ಲಿ ಕಾಂಗೋ ಆ ರಾಜನ ಕೈಬಿಟ್ಟು ಅವನ ದೇಶದ ಸರ್ಕಾರದ ಪಾಲಾಗಿತ್ತು, ಆದರೆ ಜನರ ಗೋಳು ಪೂರಾ ನಿಂತಿಲ್ಲ ಎಂದು ಪುಸ್ತಿಕೆಗಳು ಬರುತ್ತಲೇ ಇದ್ದವು. ಮೇಷ್ಟ್ರು ಅರ್ಜಿಯನ್ನು ಹಾಗೇ ಇಟ್ಟಿದ್ದರು. ಇಬ್ಬರೂ ಮತ್ತೆ ಗಾಡಿ ಹತ್ತಿದೆವು.

ದಾರಿಯುದ್ದಕ್ಕೂ ನಾನು ಒಂದೇ ಯೋಚನೆ ಮಾಡಿದೆ. ಕ್ಷೇಮವಾಗಿದ್ದಾನೆ, ಕರಾರು ಮುಗಿದಿಲ್ಲ, ಬರುತ್ತಾನೆ ಎಂದು ಓದಿದರೆ ಯಾರಿಗೆ ನಷ್ಟ? ಕುಂಕುಮ ಉಳಿಯುತ್ತದೆ, ಬಳೆ ಉಳಿಯುತ್ತವೆ, ನನ್ನನ್ನು ಕ್ಷಮಿಸಿದರೂ ಕ್ಷಮಿಸಿಯಾಳು. ಮೇಷ್ಟ್ರಿಗೆ ಇಂಗ್ಲಿಷು ಗೊತ್ತು, ನಿಜ. ಆದರೆ ಒಬ್ಬ ಹೆಂಗಸಿನ ಸಂತೋಷಕ್ಕಾಗಿ ಅವರೂ ಸುಮ್ಮನಿರುತ್ತಿದ್ದರೋ ಏನೋ.

ಹೊಳೆಮ್ಮ ದಂಡೆಯಲ್ಲೇ ಇದ್ದಳು. ನೆಟ್ಟಗೆ ನನ್ನ ಬಾಯಿಯನ್ನೇ ನೋಡುತ್ತ ಕುಳಿತಳು. ನಾನು ಬಿಚ್ಚಿ ಓದಿದೆ.

"ಕಂಪ್ಲಿ ಹುಲುಗಪ್ಪ. ಸಾವಿರದ ಒಂಬೈನೂರ ಎರಡನೇ ಇಸ್ವಿ, ಜುಲೈ ತಿಂಗಳದಾಗ, ಜ್ವರ ಬಂದು ತೀರಿಕೊಂಡ. ಅಲ್ಲೇ ಮಣ್ಣು ಮಾಡ್ಯಾರ."

ಹೊಳೆಮ್ಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

"ಎರಡು ವರ್ಷದ ಮ್ಯಾಗಿನ ಆಷಾಢ," ಎಂದಳು. "ಆಗ ನಾನು ನೆಲ್ಲೂರಾಗಿದ್ದೆ. ಹುಡುಕತಿದ್ದೆ."

ನಾನು ತಲೆ ತಗ್ಗಿಸಿದೆ. ಅವಳು ಅತ್ತಳು, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು, ಎಲ್ಲರ ಎದುರಿಗೇ. ನಾನೂ ಅತ್ತೆ. ನನ್ನ ಅಳುವನ್ನು ಯಾರೂ ನಂಬಿರಲಾರರು, ಅದು ಸರಿಯೇ.

ಸೂರ್ಯ ನೆತ್ತಿಗೆ ಬರುವವರೆಗೂ ನಾವು ಅಲ್ಲೇ ಕುಳಿತಿದ್ದೆವು. ಮೇಷ್ಟ್ರು ಏಳೋಣ ಎಂದು ಸನ್ನೆ ಮಾಡಿದರು. ಅರ್ಜಿಯನ್ನು ಚೀಲದಿಂದ ತೆಗೆಯುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಹೊಳೆಮ್ಮಳೇ ಕೇಳಿದಳು.

"ಆ ಕೈ ಇಲ್ಲದವನ ಕಾಗದ ಎಲ್ಲಿ?"

ಕೊಟ್ಟೆ. ನನ್ನ ಹೆಬ್ಬೆಟ್ಟಿನ ಮಸಿ ಒಂದು ವರ್ಷಕ್ಕೆ ಕಂದಾಗಿತ್ತು. ಅವಳು ಮಸಿಯ ದೌತಿಗಾಗಿ ಕೈ ಚಾಚಿದಳು.

"ಮತ್ತೊಮ್ಮೆ ಓದ್ಲೇನವ್ವಾ?" ಎಂದೆ.

"ಬ್ಯಾಡ್ರಿ," ಎಂದಳು. "ಇವತ್ತು ಇದ್ದಂಗ ಓದೀರಿ." ಎಂದವಳೇ ಬೆರಳು ಅದ್ದಿ ಒತ್ತಿದಳು.

ಅವಳ ಹಿಂದೆ ಹರಿಗೋಲಿನವರು ಸಾಲು ನಿಂತರು. ನಾನು ಒಬ್ಬೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ, ಒಂದು ಅಕ್ಷರ ಬಿಡದೆ.