ದಕ್ಕದ ಹಾಲು

ಮಗುವಿಗೆ ಗುಂಡ ಅಂತ ಹೆಸರಿಟ್ಟವರು ಅಜ್ಜಿ. ಈಗ ಅವನ ಮುಖದಲ್ಲಿ ಮುದುಕರ ಸುಕ್ಕು. ಕುಡಿದ ಹಾಲೆಲ್ಲ ಚಿಮ್ಮಿ ಗೋಡೆಗೆ ಬಡಿಯುತ್ತಿತ್ತು. ಕಕ್ಕಿದ ಮರುಕ್ಷಣವೇ ಹಸಿದು ಬಾಯಿ ತೆರೆಯುತ್ತಿದ್ದ.

“ಗಂಡನ್ನ ಕಳ್ಕೊಂಡ ಸಂಕಟ ಹಾಲಿಗಿಳಿದಿದೆ ಕಣೆ. ಕೂಸಿಗೆ ಹೇಗೆ ದಕ್ಕುತ್ತೆ?” ಎಂದರು ಆ ಅಜ್ಜಿ, ಸೊಸೆಗೆ.

ಸೊಸೆ ಓದಿದವಳು, ನಗಬೇಕಿತ್ತು. ನಂಬಿದಳು. ಹಾಲು ಬತ್ತಲಿ ಎಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು. ಡಬ್ಬಿ ಹಾಲು ಬಂತು. ಅದೂ ಗೋಡೆ ಸೇರಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಬೆರಳನ್ನು ಹಿಡಿದು ಮಗುವಿನ ಹೊಟ್ಟೆಯ ಮೇಲಿಟ್ಟರು.

“ಗೋಲಿ ಥರ ಸಿಗುತ್ತಲ್ವಾ? ಜಠರದಿಂದ ಕರುಳಿಗೆ ಹೋಗೋ ಬಾಗಿಲಲ್ಲಿ ಸ್ನಾಯು ದಪ್ಪ ಆಗಿದೆ. ಹಾಲು ಕೆಳಗಿಳಿಯೋದೇ ಇಲ್ಲ. ನಿನ್ನ ಹಾಲಿನ ತಪ್ಪೇನಿಲ್ಲಮ್ಮ. ಸಣ್ಣ ಆಪರೇಷನ್ ಸಾಕು.”

“ಇವನ ಅಪ್ಪನಿಗೂ ಸಣ್ಣದು ಅಂತಲೇ ಹೇಳಿದ್ರು.”

ಅವಳ ಗಂಡ ಕೈಬೀಸಿ ಆಪರೇಷನ್ ಕೋಣೆಗೆ ಹೋಗಿದ್ದ. ಹೊರಗೆ ತಂದದ್ದು ಹೆಣ. ಆಗ ಗುಂಡ ಇನ್ನೂ ಇವಳ ಹೊಟ್ಟೆಯಲ್ಲಿದ್ದ.

“ಔಷಧಿಲೇ ಆಗಲ್ವಾ?”

“ಸ್ನಾಯು ಸಡಿಲ ಮಾಡೋ ಔಷಧಿ ಇದೆ. ಕೆಲವು ಮಕ್ಕಳಿಗೆ ಹಿಡಿಯುತ್ತೆ, ಕೆಲವಕ್ಕೆ ಇಲ್ಲ. ಹಿಡೀದಿದ್ರೆ ಹಟ ಮಾಡ್ಬಾರ್ದು, ಆಯ್ತಾ?”

ಮೊದಲು ನೀರು, ಉಪ್ಪಿನಂಶ ತುಂಬಿಸುವ ಡ್ರಿಪ್, ಆಮೇಲೆ ಔಷಧಿ. ಹಾಲು ಒಳಗೇ ಉಳಿಯಿತು. “ಇನ್ನು ನೋಡು, ಹೆಸರಿಗೆ ತಕ್ಕ ಹಾಗೆ ಉಬ್ತಾನೆ ನನ್ನ ಕಳ್ಳ” ಎಂದು ಅತ್ತೆ ಅವನನ್ನು ಎತ್ತಿಕೊಂಡರು. ಹಾಲು ಅವರ ಹೆಗಲ ಮೇಲೇ ಚಿಮ್ಮಿತು. ನಗು ಅರ್ಧಕ್ಕೆ ನಿಂತಿತು.

ಡಾಕ್ಟರಮ್ಮ ಆಪರೇಷನ್ನಿನ ಒಪ್ಪಿಗೆ ಕಾಗದ ಮುಂದಿಟ್ಟರು.

“ಮಗೂನ ತಗೊಂಡು ಹೋಗಿ” ಎಂದು ಸಹಿ ಹಾಕಿದಳು. ಆಪರೇಷನ್ ಕೋಣೆಯ ಬಾಗಿಲವರೆಗೆ ಅವಳು ಹೋಗಲಿಲ್ಲ. ಅತ್ತೆಯೇ ಹೋದರು. ಇವಳು ಗೋಡೆಗೆ ಮುಖ ಮಾಡಿ ನಿಂತಳು.

ಗುಂಡ ವಾಪಸು ಬಂದ. ಹೊಟ್ಟೆಯ ಮೇಲೆ ಪುಟ್ಟ ಪಟ್ಟಿ. ಎಚ್ಚರವಾದ ಮೇಲೆ ನರ್ಸ್, “ಇನ್ನು ಎದೆ ಹಾಲೇ ಕೊಡ್ಬಹುದಮ್ಮ, ಸ್ವಲ್ಪ ಸ್ವಲ್ಪ” ಎಂದಳು.

ಎದೆಗಿಟ್ಟುಕೊಂಡಳು. ಅವನು ಚೀಪಿದ, ಮತ್ತೆ ಚೀಪಿದ, ಕಿರುಚಿ ಅತ್ತ. ಬಟ್ಟೆ ಬಿಗಿದ ಎದೆ ಬತ್ತಿಹೋಗಿತ್ತು.

“ನನ್ನ ನಾಲಿಗೆ ಸೇದುಹೋಗ!” ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು.

“ಬಾಟಲಿ ಕೊಡಿ ಅತ್ತೆ.”

ಗುಂಡ ಕುಡಿದು ಮಲಗಿದ. ಒಂದು ಹನಿಯೂ ಹೊರಬರಲಿಲ್ಲ. ಇಬ್ಬರೂ ಅವನ ತುಟಿಯನ್ನೇ ನೋಡುತ್ತ ಕೂತರು, ಒಬ್ಬರ ಮುಖ ಒಬ್ಬರು ನೋಡದೆ.