ಸೀಸನ್ ಮುಗಿಯಲಿ

ಡ್ರೈವರ್ ಮತ್ತೊಮ್ಮೆ ಹಾರ್ನ್ ಒತ್ತಿದ. ಹೋಟೆಲಿನ ಮುಂದೆ ರಸ್ತೆ ತುಂಬ ನಿಂತಿದ್ದ ಪ್ರವಾಸಿಗರಲ್ಲಿ ಒಬ್ಬಳು ತಿರುಗಿ ನೋಡಿ, ಒಂದು ನಿಮಿಷ ಎಂದು ಬೆರಳೆತ್ತಿ, ಮತ್ತೆ ಫೋಟೋಗೆ ನಗತೊಡಗಿದಳು. ವ್ಯಾನಿನೊಳಗೆ ಮಲಗಿ ಸ್ಮಶಾನಕ್ಕೆ ಹೊರಟಿರುವವರು ಯಾರೆಂದು ಅವಳಿಗೇನು ಗೊತ್ತು? ಅವಳು ಒರಗಿ ನಿಂತಿದ್ದ ಹಿತ್ತಾಳೆ ಫಲಕವನ್ನು ಬರೆಸಿದವರೇ ಅವರು.

ಊರಿನವರಿಗೆ ಅವರು ‘ಇಲ್ಲಿ ಮೇಷ್ಟ್ರು’. ಶಾಲೆಯಿಂದ ನಿವೃತ್ತರಾದ ಮೇಲೆ ಈ ಸಮುದ್ರದೂರಿನ ಚರಿತ್ರೆಯನ್ನೆಲ್ಲ ಗೋಡೆಗಳಿಗೆ ಹೊಡೆಯುವ ಹುಚ್ಚು ಹಿಡಿದಿತ್ತು. ‘ಇಲ್ಲಿ ಮೊದಲ ಮಂಜುಗಡ್ಡೆ ಕಾರ್ಖಾನೆ ಇತ್ತು.’ ‘ಇಲ್ಲಿ ಒಡೆದ ಹಡಗಿನವರಿಗೆ ಊರವರು ಊಟ ಹಾಕಿದರು.’ ಎಲ್ಲ ಫಲಕವೂ ‘ಇಲ್ಲಿ’ ಎಂದೇ ಶುರು. ಈ ಹೋಟೆಲಿನ ಫಲಕದಲ್ಲಿ ಮಾತ್ರ ಆ ‘ಇಲ್ಲಿ’ ಶುದ್ಧ ಸುಳ್ಳು.

‘ಇಲ್ಲಿ, ಬಿರುಗಾಳಿಯ ರಾತ್ರಿ, ಬಟ್ಟೆ ಒಗೆಯುವ ಹೆಂಗಸೊಬ್ಬಳು ಬೆಳಗಿನವರೆಗೂ ದೀಪ ಎತ್ತಿ ಹಿಡಿದು ದೋಣಿಗಳನ್ನು ದಡಕ್ಕೆ ಕರೆದಳು.’

ಆ ಹೆಂಗಸು ಮೇಷ್ಟ್ರ ಹೆಂಡತಿಯ ಅಜ್ಜಿ. ದೀಪ ಹಿಡಿದದ್ದು ಹಿಂದಿನ ಓಣಿಯಲ್ಲಿರುವ ಅವರದೇ ಲಾಂಡ್ರಿಯ ಮೆಟ್ಟಿಲ ಮೇಲೆ. ಹೋಟೆಲ್ ಎದ್ದು ಅಡ್ಡ ನಿಲ್ಲುವವರೆಗೂ ಆ ಮೆಟ್ಟಿಲಿನಿಂದ ಸಮುದ್ರ ಕಾಣುತ್ತಿತ್ತು.

“ಸತ್ತ ಮೇಲೂ ಇದರ ಮುಂದೇನೇ ನಿಲ್ಲಿಸಿದ್ರಲ್ಲ,” ಎಂದು ಡ್ರೈವರ್ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಗೊಣಗಿದಳು.

*

ಮೇಷ್ಟ್ರು ಬರೆಯುತ್ತಿದ್ದದ್ದು ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ಆಕೆಯ ಇಸ್ತ್ರಿ.

“ಓಣಿಯೊಳಕ್ಕೆ ಯಾರು ಬರ್ತಾರೆ ಹೇಳು? ಹೋಟೆಲಿನವರು ಗೋಡೆ ಕೊಡ್ತೀನಿ ಅಂದಿದ್ದಾರೆ. ನಾಲ್ಕು ಜನ ಓದ್ಲಿ.”

“ಓದಿ ಸುಳ್ಳು ತಿಳ್ಕೊಳ್ಳಲಿ ಅಂತಾನಾ?”

“ಸೀಸನ್ ಮುಗೀಲಿ ಕಣೇ. ನಾನೇ ಬಿಚ್ಚಿ ತಂದು ನಮ್ಮ ಗೋಡೆಗೆ ಹಾಕ್ತೀನಿ.”

ಸೀಸನ್ ಮುಗಿಯಿತು, ಮಳೆ ಬಂತು. ಮಳೆ ನಿಂತಿತು, ಮೇಷ್ಟ್ರಿಗೆ ಸೊಂಟ ಹಿಡಿಯಿತು. ಸೊಂಟ ಸರಿಹೋಗುವಷ್ಟರಲ್ಲಿ ಮತ್ತೆ ಸೀಸನ್. ವರ್ಷ ವರ್ಷವೂ ಇದೇ ಹಾಡು. ಅಷ್ಟರಲ್ಲಿ ಹೋಟೆಲಿನವನು ಹೆಸರನ್ನೇ ‘ದೀಪದಮ್ಮ’ ಎಂದು ಬದಲಿಸಿ, ಹಾಸುಬಟ್ಟೆಗಳ ಮೂಲೆಗೆಲ್ಲ ದೀಪದ ಚಿತ್ರ ಹೊಲಿಸಿದ. ಅವನ್ನು ಒಗೆದು ಕೊಡುವವಳು ಈಕೆಯೇ. ಅಜ್ಜಿಯ ದೀಪದ ಮೇಲೆ ಇಸ್ತ್ರಿ ಎಳೆಯುತ್ತ ಗಂಡನನ್ನು ದುರುಗುಟ್ಟಿ ನೋಡಿದರೆ, ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆ ಮನುಷ್ಯನ ಮೇಲೆ ಪ್ರೀತಿಯೂ ಇತ್ತು, ಅದೇ ದೊಡ್ಡ ತಾಪತ್ರಯ.

ಆಸ್ಪತ್ರೆಯಲ್ಲಿ ಕೊನೆಗೆ, “ಈ ಸೀಸನ್ ಮುಗೀಲಿ...” ಎಂದು ಶುರುಮಾಡಿದರು. “ಸಾಕು, ಸುಮ್ನಿರಿ,” ಎಂದಳು. ಸುಮ್ಮನಾದವರು ಮತ್ತೆ ಮಾತಾಡಲಿಲ್ಲ.

*

ಹೋಟೆಲಿನ ಮಾಲೀಕ ಹಾರ ಹಿಡಿದು ವ್ಯಾನಿನ ಬಳಿ ಬಂದ.

“ಚಿಂತೆ ಮಾಡ್ಬೇಡಿ ಅಮ್ಮ. ಮೇಷ್ಟ್ರ ಹೆಸರಲ್ಲೂ ಒಂದು ಫಲಕ ಹಾಕಿಸ್ತೀವಿ, ಇದರ ಪಕ್ಕದಲ್ಲೇ. ಇಲ್ಲಿ ಕೂತು ಚರಿತ್ರೆ ಬರೀತಿದ್ರು ಅಂತ.”

“ಇಲ್ಲಿ ಯಾವತ್ತು ಕೂತಿದ್ರು? ಕೂತ್ರೆ ಕಾಫಿ ತಗೋಬೇಕಾಗುತ್ತೆ ಅಂತ ನಿಂತೇ ಮಾತಾಡಿಸಿ ಬರೋರು.”

“ಏನೋ, ಒಂದು ಗೌರವಕ್ಕೆ...”

“ಗೌರವ ಇದ್ರೆ ನಮ್ಮಜ್ಜಿ ಫಲಕ ಬಿಚ್ಚಿ ಕೊಡಿ.”

“ಅದಕ್ಕೇನಂತೆ, ಕೊಡೋಣ. ಸೀಸನ್ ಮುಗೀಲಿ.”

ಆಕೆ ವ್ಯಾನಿನಿಂದ ಇಳಿದಳು. ನಲ್ಲಿ ರಿಪೇರಿ ಮಾಡುವ ಅಳಿಯ ಆಕೆಯ ಮಗಳನ್ನು ಕೂರಿಸಿಕೊಂಡು ವ್ಯಾನಿನ ಹಿಂದೆ ಸ್ಕೂಟರಿನಲ್ಲಿದ್ದ.

“ಸ್ಕ್ರೂಡ್ರೈವರ್ ಇದೆಯೇನಪ್ಪ?”

“ಅತ್ತೆ, ಈಗಲಾ? ಸ್ಮಶಾನದಲ್ಲಿ ಜನ ಕಾಯ್ತಿದ್ದಾರೆ.”

“ಕಾಯ್ಲಿ. ನಾನು ಕಾದಿಲ್ವಾ?”

“ಅಮ್ಮ, ಎಲ್ಲರೂ ನೋಡ್ತಿದ್ದಾರೆ,” ಎಂದಳು ಮಗಳು.

“ನೋಡ್ಲಿ ಅಂತಾನೇ ಅಲ್ವಾ ನಿಮ್ಮಪ್ಪ ಇಲ್ಲಿ ಹಾಕಿದ್ದು.”

ಮಾಲೀಕ ತಡೆಯಲು ಮುಂದೆ ಬಂದ. ಎದುರಿಗೆ ಹೆಣ, ಸುತ್ತ ತನ್ನದೇ ಗಿರಾಕಿಗಳು, ಕೈಯಲ್ಲಿ ಹಾರ. ಪಕ್ಕಕ್ಕೆ ಸರಿದ. ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ಕ್ರೂಗಳು ಅಳಿಯನ ಬೆವರಿಳಿಸಿ ಕೊನೆಗೂ ಬಿಚ್ಚಿಕೊಂಡವು. ಆಕೆ ವ್ಯಾನಿನ ಹಿಂಬಾಗಿಲು ತೆರೆಸಿ ಫಲಕವನ್ನು ಗಂಡನ ಎದೆಯ ಮೇಲಿಟ್ಟಳು.

“ಹಿಡ್ಕೊಳ್ಳಿ. ನೀವೇ ತರ್ತೀನಿ ಅಂದಿದ್ರಲ್ಲ.”

ಕೈ ತಾನಾಗಿ ಅವರ ಹೊದಿಕೆಯ ಸುಕ್ಕು ಬಿಡಿಸಿತು. ಅದಕ್ಕೂ ಆಕೆಗೆ ಸಿಟ್ಟು ಬಂತು.

ಓಣಿ ಕಿರಿದು. ಡ್ರೈವರ್ ಗೊಣಗುತ್ತ ವ್ಯಾನನ್ನು ಹಿಮ್ಮುಖವಾಗಿ ತಂದು ಲಾಂಡ್ರಿಯ ಮುಂದೆ ನಿಲ್ಲಿಸಿದ. ಯಾರೂ ಹೇಳದೆಯೇ ಇಳಿದು ಹಿಂಬಾಗಿಲು ತೆರೆದಿಟ್ಟ. ಮಗಳು ಫಲಕವನ್ನು ಎತ್ತಿ ತಂದು ಬಾಗಿಲ ಪಕ್ಕ ಗೋಡೆಗೆ ಒತ್ತಿ ಹಿಡಿದಳು.

“ಇನ್ನೂ ಸ್ವಲ್ಪ ಮೇಲೆ,” ಎಂದಳು ಆಕೆ. “ಅವರಿಗೆ ಕಾಣ್ಬೇಕು.”

ಅಳಿಯ ಗೋಡೆ ಕೊರೆಯತೊಡಗಿದ. ಹಗ್ಗದ ಮೇಲೆ ಒಣಗಲು ಹಾಕಿದ್ದ ಹೋಟೆಲಿನ ಹಾಸುಬಟ್ಟೆಗಳು ಗಾಳಿಗೆ ಹಾರಿ, ವ್ಯಾನಿಗೂ ಫಲಕಕ್ಕೂ ನಡುವೆ ಮತ್ತೆ ಮತ್ತೆ ಅಡ್ಡ ಬರುತ್ತಿದ್ದವು. ಆಕೆ ಅಜ್ಜಿಯ ಮೆಟ್ಟಿಲು ಹತ್ತಿ, ಒದ್ದೆ ಬಟ್ಟೆಯನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಕೊನೆಯ ಸ್ಕ್ರೂ ಕೂರುವವರೆಗೂ ಹಾಗೇ ನಿಂತಿದ್ದಳು.