ಬಾಲ ಡೊಂಕಾಗಿಯೇ ಇರಲಿ, ನಾಲ್ಕೂ ಕಾಲು ನೆಲದ ಮೇಲಿರಲಿ

ಡ್ರೈವಿಂಗ್ ಮೇಷ್ಟ್ರ ಮನೆಗೆ ಹಾಲಿನವನು ಗೇಟು ದಾಟಿ ಬರುವುದನ್ನೇ ಬಿಟ್ಟಿದ್ದ. ಪ್ಯಾಕೆಟ್ಟನ್ನು ಆಚೆಯಿಂದಲೇ ಎಸೆಯುತ್ತಿದ್ದ, ಮೇಷ್ಟ್ರ ಹೆಂಡತಿ ಚೆಂಡು ಹಿಡಿದ ಹಾಗೆ ಹಿಡಿಯುತ್ತಿದ್ದರು. ಕಾರಣ, ಪುಟಾಣಿ.

ಅದು ನಾಯಿಯ ಹೆಸರು. ಬಕೆಟ್ಟಿನೊಳಗೆ ಹಿಡಿಸುತ್ತಿದ್ದಾಗ ಇಟ್ಟದ್ದು. ಈಗ ಏಳು ತಿಂಗಳು, ಮೂವತ್ತು ಕಿಲೋ. ದೊಡ್ಡ ತಳಿ, ಇನ್ನೂ ಬೆಳೆಯುತ್ತಲೇ ಇದೆ. ಯಾರು ಬಂದರೂ ಮುಂಗಾಲು ಅವರ ಹೆಗಲ ಮೇಲೆ, ನಾಲಿಗೆ ಅವರ ಕನ್ನಡಕದ ಮೇಲೆ. ಕೋಪವಿಲ್ಲ, ಬರೀ ಪ್ರೀತಿ. ಆದರೆ ಮೂವತ್ತು ಕಿಲೋ ಪ್ರೀತಿ ಮೈಮೇಲೆ ಬಿದ್ದರೆ ಯಾರು ತಡೆದಾರು?

ಮೇಷ್ಟ್ರು ಬೆತ್ತ ತಂದರು. ಬೆತ್ತ ಕಂಡರೆ ಪುಟಾಣಿ ಮಂಚದ ಕೆಳಗೆ ತೂರುತ್ತಿತ್ತು. ಬೈದರೆ ಮಂಚದ ಸಮೇತ ಏಳುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರ ತಾಯಿ ಬರುವ ಸುದ್ದಿ ಬಂತು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದಿದ್ದರು ಡಾಕ್ಟರು.

"ಇನ್ನು ಮೂರೇ ವಾರ ರೀ. ಅತ್ತೆ ಒಳಗೆ ಬರೋ ದಿನ ಇದು ಹೊರಗೆ," ಎಂದರು ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತ. "ಗೋದಾಮಿನವರು ಕಾವಲಿಗೆ ಕೇಳಿದಾರೆ. ಸರಪಳಿ ಹಾಕಿ ಕಟ್ಕೊಳ್ತಾರಂತೆ."

ಮರುದಿನ ಬೆಳಿಗ್ಗೆ ಮೇಷ್ಟ್ರು ಕಾರು ಕಲಿಸಲು ಹೊರಟರು. ಕಲಿಯುವವರು ಪಶು ಆಸ್ಪತ್ರೆಯ ನರ್ಸಮ್ಮ. ಒಂದೇ ತಿರುವಿನಲ್ಲಿ ಹನ್ನೊಂದು ಸಲ ಗಾಡಿ ಆಫ್ ಮಾಡಿದರು. ಪ್ರತಿ ಸಲವೂ ಮೇಷ್ಟ್ರದು ಬೆಣ್ಣೆಯಂಥ ಮಾತು: "ಪರವಾಗಿಲ್ಲ ತಾಯಿ. ಕ್ಲಚ್ ನಿಧಾನ. ಹಾಂ, ಭೇಷ್!"

ನರ್ಸಮ್ಮನ ಕಣ್ಣು ಮೇಷ್ಟ್ರ ಮೊಣಕೈ ಪಟ್ಟಿಯ ಮೇಲೆ ಬಿತ್ತು. "ಇದೇನಾಯ್ತು ಮೇಷ್ಟ್ರೇ?"

"ಹಗ್ಗ ಹಿಡಿದು ನಾಯಿ ಸುತ್ತಾಡಿಸೋಕೆ ಹೋದೆ. ಅದೇ ನನ್ನ ಸುತ್ತಾಡಿಸ್ತು." ಮೇಷ್ಟ್ರು ಇಡೀ ಕಥೆ ಹೇಳಿದರು. "ಎಷ್ಟು ಹೊಡೆದ್ರೂ ಬುದ್ಧಿ ಇಲ್ಲ. ನಾಯಿ ಬಾಲ ನಳಿಗೆಯಲ್ಲಿ ಹಾಕಿದ್ರೂ ಡೊಂಕೇ!"

"ಬಾಲ ಡೊಂಕಾಗೇ ಇರ್ಲಿ ಬಿಡಿ. ನಮಗೆ ಬೇಕಾಗಿರೋದು ಕಾಲು ನೆಲದ ಮೇಲೆ. ಈಗ ಹನ್ನೊಂದು ಸಲ ತಪ್ಪು ಮಾಡಿದೆನಲ್ಲ, ನನಗೆ ಯಾಕೆ ಹೊಡೀಲಿಲ್ಲ?"

"ಶಿವನೇ! ಹೊಡೆದ್ರೆ ನೀವು ರಸ್ತೆ ನೋಡ್ತೀರಾ? ನನ್ನ ಕೈ ನೋಡ್ತಾ ಕೂರ್ತೀರ. ಇಬ್ಬರೂ ಚರಂಡಿಗೆ!"

ಹೇಳಿದ ಮೇಲೆ ಮೇಷ್ಟ್ರು ತಾವೇ ಆಫ್ ಆದರು. ನರ್ಸಮ್ಮ ನಕ್ಕು ಗಾಡಿ ಸ್ಟಾರ್ಟ್ ಮಾಡಿದರು. ಈ ಸಲ ಅದು ನಿಲ್ಲಲಿಲ್ಲ.

ಸಂಜೆ ಮೇಷ್ಟ್ರ ಮನೆಗೇ ಬಂದರು. ಪುಟಾಣಿ ಹಾರಿತು. ನರ್ಸಮ್ಮ ಕೂಗಲಿಲ್ಲ, ತಳ್ಳಲಿಲ್ಲ, ಬೆನ್ನು ತಿರುಗಿಸಿ ಕಂಬದ ಹಾಗೆ ನಿಂತರು. ಮತ್ತೆ ಹಾರಿತು, ಮತ್ತೆ ಬೆನ್ನು. ಕೊನೆಗೆ ಬೇಸತ್ತು ನಾಲ್ಕೂ ಕಾಲು ಊರಿತು. ತಕ್ಷಣ, "ಭೇಷ್!" ಬಾಯಿಗೆ ಬೇಯಿಸಿದ ಮೊಟ್ಟೆಯ ಪುಟ್ಟ ಚೂರು.

"ಇದು ಲಂಚ ಅಲ್ವೇನ್ರೀ?" ಎಂದರು ಮೇಷ್ಟ್ರು.

"ಅಲ್ಲ, ಸಂಬಳ. ಕೆಲಸ ಆದ್ಮೇಲೆ ಕೊಟ್ಟಿದ್ದು. ಅದಿರ್ಲಿ, ಕೂರಿಸೋಕೆ ಏನಂತೀರಿ?"

"ಕೂರು," ಎಂದರು ಮೇಷ್ಟ್ರು. "ಸುಮ್ನಿರು," ಎಂದರು ಹೆಂಡತಿ. "ಸಿಟ್," ಎಂದಳು ಮೇಷ್ಟ್ರ ಮಗಳು.

"ನಿಮ್ಮ ಕಾರಲ್ಲಿ ಬ್ರೇಕು ಇವತ್ತು ಎಡಕ್ಕೆ, ನಾಳೆ ಬಲಕ್ಕೆ, ನಾಡಿದ್ದು ಡಿಕ್ಕಿಯಲ್ಲಿ ಇದ್ರೆ ಹೇಗಿರುತ್ತೆ ಮೇಷ್ಟ್ರೇ? ಮನೆಮಂದಿಗೆಲ್ಲ ಒಂದೇ ಮಾತು ಇರ್ಲಿ. ದಿನಕ್ಕೆ ಮೂರು ಸಲ, ಐದೈದು ನಿಮಿಷ ಸಾಕು. ಮೊದಲು ಗಲಾಟೆ ಇಲ್ಲದ ಕೋಣೆಯಲ್ಲಿ, ಆಮೇಲೆ ಗೇಟಿನ ಹತ್ರ. ಕೂತ ಮೇಲೇ ಊಟ, ಕೂತ ಮೇಲೇ ಬಾಗಿಲು. ಕತ್ತಿನ ಪಟ್ಟಿ ಎಳೀಬೇಡಿ, ಎದೆಗೆ ಪಟ್ಟಿ ಕಟ್ಟಿ. ಹಗ್ಗ ಬಿಗಿಯಾದ್ರೆ ನಿಂತುಬಿಡಿ, ಸಡಿಲಾದ್ರೆ ನಡೀರಿ."

ಮೊದಲ ದಿನ ಪುಟಾಣಿ ಕಲಿತದ್ದು ಒಂದೇ: ಮೊಟ್ಟೆ ಯಾವ ಜೇಬಿನಲ್ಲಿದೆ ಎಂಬುದು. ಮೂರನೇ ದಿನ ಮೇಷ್ಟ್ರು "ಕೂರು" ಎಂದಾಗ ಸೋಫಾದ ಮೇಲಿದ್ದ ಭಾವಮೈದ ಬೆಚ್ಚಿ ನೆಟ್ಟಗೆ ಕೂತ. ಒಂಬತ್ತನೇ ದಿನ ಪುಟಾಣಿಯೂ ಕೂತಿತು. ಹದಿನೈದನೇ ದಿನ ಹಾಲಿನವನು ಗೇಟು ದಾಟಿ ಬಂದು, ಪ್ಯಾಕೆಟ್ಟನ್ನು ಕೈಗೇ ಕೊಟ್ಟ.

ಆ ದಿನ ಬಂತು. ಗೇಟಿನಲ್ಲಿ ಆಟೋ ನಿಂತಿತು. ಅಜ್ಜಿ ವಾಕರ್ ಊರಿ, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಮೇಷ್ಟ್ರು ಹಗ್ಗವನ್ನು ಗಟ್ಟಿಯಾಗಿ ಹಿಡಿದಿದ್ದರು. ಪುಟಾಣಿಯ ಮೈಯೆಲ್ಲ ನಡುಗುತ್ತಿತ್ತು, ಮುಂಗಾಲು ಎದ್ದವು.

"ಕೂರು," ಎಂದರು ಮೇಷ್ಟ್ರು, ಕ್ಲಚ್ ಹೇಳಿಕೊಡುವ ದನಿಯಲ್ಲಿ.

ಪುಟಾಣಿ ಕೂತಿತು. ಬಾಲ ಮಾತ್ರ ನೆಲ ಗುಡಿಸುತ್ತಿತ್ತು. "ಭೇಷ್!" ಬಾಯಿಗೆ ಮೊಟ್ಟೆಯ ಚೂರು. ಅಜ್ಜಿ ಅದರ ಪಕ್ಕದಲ್ಲೇ ಹಾದು, ತಲೆ ಸವರಿ, ಕುರ್ಚಿ ಸೇರಿದರು. ಹೆಂಡತಿ ಗೋದಾಮಿನವರಿಗೆ ಫೋನು ಹಚ್ಚಿದರು: "ನಾಯಿ ಕೊಡಲ್ಲ ಕಣ್ರೀ."

ಅಜ್ಜಿ ಮೂಲೆಯಲ್ಲಿದ್ದ ಬೆತ್ತ ನೋಡಿದರು. "ನಿಮ್ಮಪ್ಪನಿಗೆ ಈ ಮೊಟ್ಟೆ ವಿದ್ಯೆ ಗೊತ್ತಿದ್ದಿದ್ರೆ, ನೀನೂ ಮಂಚದ ಕೆಳಗೆ ತೂರ್ತಿರ್ಲಿಲ್ಲ ಕಣೋ ಮಗನೇ."

ಮೇಷ್ಟ್ರು ಆ ಬೆತ್ತವನ್ನು ಟೊಮೆಟೊ ಗಿಡಕ್ಕೆ ಆಸರೆಯಾಗಿ ನೆಟ್ಟುಬಂದರು.

ಓದುಗರೇ, ಬೆತ್ತ ಕಲಿಸುವುದು ಒಂದೇ ಪಾಠ: ಬಲವಿದ್ದವನು ಹೊಡೆಯಬಹುದು. ನಾಳೆ ನಲವತ್ತು ಕಿಲೋ ತೂಗುವ ಪ್ರಾಣಿಗೆ ಆ ಪಾಠ ಯಾಕೆ ಬೇಕು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮರಿ ಇದ್ದಾಗಲೇ ಶುರು ಮಾಡಿ. ಸಂದೇಹವಿದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ. ಇವತ್ತು ಸಂಜೆ ಐದು ನಿಮಿಷ, ಒಂದು ಮಾತು, ಒಂದು ಚೂರು ಮೊಟ್ಟೆ. ನಿಮ್ಮ ಮನೆಯ ಬೆತ್ತಕ್ಕೂ ಒಂದು ಟೊಮೆಟೊ ಗಿಡ ಹುಡುಕಿ.